ಮೊದಲ ಸಾಲಿನ ದ್ರಾಕ್ಷಿ ಎಲೆಗಳು

ಆ ಎಲೆಗಳು ತಾವಾಗಿ ಉದುರಿದ್ದಲ್ಲ. ನಾನು ಕಿತ್ತದ್ದು.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ನನ್ನ ಪುಟ ಓದುವವರಿಗೆ ನಾನು ಎಂಥವಳು ಅಂತ ಗೊತ್ತು. ಸುತ್ತಿ ಬಳಸಿ ಮಾತಾಡುವವಳಲ್ಲ. ಅಗ್ರಹಾರದ ಹೂವಿನ ಅಂಗಡಿಯವರ ಜಗಳವಾಗಲಿ, ಸರಸ್ವತಿಪುರಂನ ಟ್ಯುಟೋರಿಯಲ್ ಮೇಷ್ಟ್ರ ಮದುವೆ ಕಥೆಯಾಗಲಿ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ ಅಂತ ನೀವೇ ಹೊಗಳಿದ್ದೀರಿ. ನನ್ನದೇ ವಿಷಯ ಬಂದಾಗ ಮಾತ್ರ ನಾಲಿಗೆ —

ಇರಲಿ. ಮೊದಲಿಂದ ಹೇಳುತ್ತೇನೆ.

ನಿಮ್ಮಲ್ಲಿ ಬಹಳ ಜನ ಓದಿರುವ ಕಥೆ ಅದು. ಕೊರೋನಾಕ್ಕೆ ಮುಂಚೆ ಬರೆದದ್ದು. ಚಾಮರಾಜಪುರಂನ ಸ್ಟೆಲ್ಲಾ ಅಕ್ಕ ಎನ್ನುವವರು ಮೈಸೂರಿನ ಮಣ್ಣಿನಲ್ಲಿ ವೈನ್ ದ್ರಾಕ್ಷಿ ಬೆಳೆಯಲು ಹೋಗಿ, ಮಣ್ಣು ಒಪ್ಪದೆ, ಮೂರು ವರ್ಷ ಸಾಕಿದ ಬಳ್ಳಿಗಳನ್ನು ಕೀಳಿಸಿ, ನಗುತ್ತಲೇ ಮನೆಗೆ ಬಂದ ಕಥೆ. ಸೋಲನ್ನು ಒಪ್ಪಿಕೊಳ್ಳುವುದು ಹೇಗೆ ಅಂತ ಇದನ್ನು ಓದಿ ಕಲಿತೆವು ಎಂದು ಎಷ್ಟೋ ಜನ ಬರೆದಿರಿ. ಮದುವೆ ಮನೆಗಳಲ್ಲಿ ನನ್ನನ್ನು ನಿಲ್ಲಿಸಿ, "ಆ ದ್ರಾಕ್ಷಿ ಕಥೆ ಬರ್ದವ್ರು ನೀವೇ ಅಲ್ವೇನ್ರೀ?" ಅಂತ ಕೈ ಹಿಡಿದಿರಿ. ನಾನು ಹೌದೆಂದು ತಲೆಯಾಡಿಸಿದೆ. ಆ ಕಥೆ ಸುಳ್ಳು. ಪೂರ್ತಿ ಸುಳ್ಳೋ ಅರ್ಧ ಸುಳ್ಳೋ ಎಂಬುದು ನನಗೇ ಗೊತ್ತಿಲ್ಲ — ನನ್ನ ತೊಂದರೆ ಇರುವುದೇ ಅಲ್ಲಿ.

ಸ್ಟೆಲ್ಲಾ ಅಕ್ಕ ನನಗೆ ರಕ್ತಸಂಬಂಧಿಯಲ್ಲ. ನಾನು ಮದುವೆಯಾದ ಹೊಸದರಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗಂಡ ಬೇಗ ಹೋದರು, ಮಗಳು ಅನಿತಾಳನ್ನು ಒಬ್ಬರೇ ಬೆಳೆಸಿದರು. ಚರ್ಚಿನ ಎಲ್ಲ ಮನೆಗಳ ಹಾಗೆ ಅವರ ಮನೆಯಲ್ಲೂ ಕ್ರಿಸ್‌ಮಸ್ಸಿಗೆ ವೈನ್ ಹಾಕುವ ಪದ್ಧತಿ. ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು, ತೊಳೆದು, ಒರೆಸಿ, ಜಾಡಿಗೆ ಹಾಕಿ ಹಿಸುಕಿ, ಸಕ್ಕರೆ, ಚಕ್ಕೆ, ಲವಂಗ, ಒಂದು ಹಿಡಿ ಗೋಧಿ ಹಾಕಿ ಬಾಯಿಗೆ ಬಟ್ಟೆ ಕಟ್ಟುವುದು. ನಾವು ಟಿ. ನರಸೀಪುರ ಕಡೆಯ ಒಕ್ಕಲುತನದ ಮನೆಯವರು, ನಮ್ಮಲ್ಲಿ ಇದೆಲ್ಲ ಇಲ್ಲ. ಮೊದಲ ವರ್ಷ ಅಕ್ಕ ಒಂದು ಚಿಕ್ಕ ಲೋಟದಲ್ಲಿ ಕೊಟ್ಟಾಗ ನಾನು ಕೆಮ್ಮಿನ ಔಷಧಿ ಅಂದುಕೊಂಡು ಒಂದೇ ಗುಟುಕಿಗೆ ಕುಡಿದಿದ್ದೆ.

"ಅಯ್ಯೋ ಪಾಪಿ, ನಿಧಾನಕ್ಕೆ ಕಣೇ!" ಅಂತ ನಕ್ಕಿದ್ದರು. ಆಮೇಲೆ ತಮ್ಮ ಲೋಟವನ್ನೇ ನೋಡಿಕೊಂಡು, "ಇದ್ರಲ್ಲಿ ದ್ರಾಕ್ಷಿ ರುಚಿ ಎಲ್ಲೈತೆ ಹೇಳು? ಎಲ್ಲಾ ಸಕ್ಕರೆ, ಲವಂಗದ್ದೇ. ಸಕ್ಕರೆ ಹಾಕ್ದೇ ಇದ್ರೆ ನಮ್ಮೂರ್ ಮಣ್ಣು ಯಾವ ರುಚಿ ಕೊಡುತ್ತೋ, ಯಾರೂ ನೋಡೇ ಇಲ್ವಲ್ಲ" ಅಂದರು.

ಅಲ್ಲಿಂದಲೇ ಶುರುವಾಗಿದ್ದಿರಬೇಕು. ಅಕ್ಕನಿಗೆ ತವರಿನಿಂದ ಬಂದ ಒಂದು ತುಂಡು ನೆಲ ಕೋಟೆ ರಸ್ತೆಯಲ್ಲಿ, ಜಯಪುರದ ಕಡೆ ಇತ್ತು. ಎಕರೆಗೂ ಕಡಿಮೆ. ಕೆಮ್ಮಣ್ಣು, ಅಡಿಯಲ್ಲಿ ಗರಸುಕಲ್ಲು. ಹುರುಳಿ ಬಿಟ್ಟು ಬೇರೇನೂ ಬೆಳೆಯದು ಎಂದು ಅವರ ಅಪ್ಪ ಬಿಟ್ಟ ನೆಲ. ಅಕ್ಕ ಅದನ್ನೇ ಹಿಡಿದುಕೊಂಡರು. ದೊಡ್ಡಬಳ್ಳಾಪುರದ ಕಡೆಯಿಂದ ಶಿರಾಜ್ ಎಂಬ ತಳಿಯ ಸಸಿ ತರಿಸಿದರು. ತಿನ್ನುವ ದ್ರಾಕ್ಷಿಯಂತೆ ಚಪ್ಪರ ಹಾಕಲಿಲ್ಲ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬೇಲಿಯ ಹಾಗೆ ಉತ್ತರ-ದಕ್ಷಿಣಕ್ಕೆ ಸಾಲು ಮಾಡಿದರು. ಒಂದು ಮುಖ ಬೆಳಗಿನ ಬಿಸಿಲಿಗೆ, ಇನ್ನೊಂದು ಸಂಜೆ ಬಿಸಿಲಿಗೆ.

ನಾನು ಆಗ ತಾನೇ ಫೋನಿನಲ್ಲಿ ಕಥೆ ಹೇಳಲು ಶುರುಮಾಡಿದ್ದೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಅಕ್ಕ ಸ್ಕೂಟರ್ ಹತ್ತಿದರೆ ನಾನೂ ಹಿಂದೆ ಕೂರುತ್ತಿದ್ದೆ. ಅವರು ಕತ್ತರಿ ಹಿಡಿದು ಕೆಲಸ ಮಾಡುತ್ತಾ ಪಾಠ ಹೇಳುವರು, ನಾನು ನೆರಳಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಕೇಳುವೆ. ಅವರು ಹೇಳಿದ್ದರಲ್ಲಿ ನನಗೆ ಉಳಿದದ್ದು ಇಷ್ಟು —

ಬಳ್ಳಿಗೆ ಸುಖ ಕೊಡಬಾರದು. ಕಪ್ಪು ಎರೆಮಣ್ಣಾದರೆ ನೀರು ಹಿಡಿದುಕೊಂಡು ಕೂರುತ್ತದೆ, ಬಳ್ಳಿ ಕೊಬ್ಬುತ್ತದೆ, ಎಲೆ ಮೇಲೆ ಎಲೆ ಬಿಡುತ್ತದೆ, ಹಣ್ಣು ನೀರುನೀರು. ಗರಸಿನಲ್ಲಿ ನೀರು ನಿಲ್ಲುವುದಿಲ್ಲ. ಬೇರು ಹುಡುಕಿಕೊಂಡು ಕೆಳಗೆ ಹೋಗುತ್ತದೆ, ಕಾಳು ಸಣ್ಣದಾಗುತ್ತದೆ, ಸಿಪ್ಪೆ ದಪ್ಪವಾಗುತ್ತದೆ. ವೈನಿನ ಬಣ್ಣ, ಒಗರು ಎಲ್ಲ ಆ ಸಿಪ್ಪೆಯಲ್ಲೇ ಇರುವುದು. ಇನ್ನು ಹವೆ. ಚಳಿದೇಶಗಳಲ್ಲಿ ಬಳ್ಳಿ ಹಿಮದಲ್ಲಿ ಮಲಗಿ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ನಾವೇ ಕತ್ತರಿಯಿಂದ ಅದಕ್ಕೆ ಕಾಲ ಹೇಳಿಕೊಡಬೇಕು. ಬೇಸಿಗೆಯಲ್ಲಿ ಒಮ್ಮೆ ಸವರಿ ಕಡ್ಡಿ ಬೆಳೆಸುವುದು, ದಸರಾ ಮುಗಿದು ಮಳೆ ಹಿಂದೆಗೆದ ಮೇಲೆ ಮತ್ತೊಮ್ಮೆ ಸವರಿ ಹಣ್ಣಿಗೆ ಬಿಡುವುದು. ಆಗ ಹಣ್ಣು ಪಕ್ವವಾಗುವುದು ಶಿವರಾತ್ರಿಯ ಹೊತ್ತಿಗೆ. ಮಳೆಯಿಲ್ಲ, ಹಗಲು ಬಿಸಿಲು, ರಾತ್ರಿ ತಂಪು.

"ಸಿಹಿ ಏನ್ ಮಹಾ ಕಣೇ ರೇಣು, ಬಿಸ್ಲಿದ್ರೆ ಎಲ್ಲಾದ್ರೂ ಸಿಹಿ ಬಂದ್ಬುಡುತ್ತೆ. ಹುಳಿ ಉಳಿಸ್ಕೊಳ್ಳೋದೇ ಕಷ್ಟ. ಅದಕ್ಕೆ ರಾತ್ರಿ ತಣ್ಣಗಿರ್ಬೇಕು. ತಣ್ಣಗಿರ್ಬೇಕು ಅಂದ್ರೆ ಊರು ಎತ್ತರದಲ್ಲಿರ್ಬೇಕು."

"ಮತ್ತೆ ನಮ್ಮೂರು ಎತ್ತರದಲ್ಲೈತಾ ಅಕ್ಕ?"

"ನಂದಿಬೆಟ್ಟದ ಕಡೆಯಷ್ಟು ಇಲ್ಲ. ಬೆಂಗ್ಳೂರಿಗಿಂತಾನೂ ಕಮ್ಮಿ. ಸಾಲುತ್ತೋ ಇಲ್ವೋ — ಅದನ್ನೇ ತಾನೇ ನೋಡ್ಬೇಕಾಗಿರೋದು!" ಅಂತ ಅಕ್ಕ ಸಣ್ಣ ಹುಡುಗಿಯ ಹಾಗೆ ಕಣ್ಣರಳಿಸುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಈ ಒಂದು ಪ್ರಶ್ನೆಗೆ ಉತ್ತರ. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮೂರನೆಯ ವರ್ಷ ಮೊದಲ ಸಲ ಹಣ್ಣು ಬಿಟ್ಟಿತು. ಒಂದು ವೈನ್ ಕಂಪನಿಯವರು ತಮ್ಮ ತೋಟದ ಮೇಲ್ವಿಚಾರಕರನ್ನು ಕಳಿಸಿ ನೋಡುತ್ತೇವೆ ಅಂದರು. ಅವರು ಒಪ್ಪಿದರೆ ಹಣ್ಣು ಅಲ್ಲಿಗೆ ಹೋಗುತ್ತದೆ, ಮೈಸೂರಿನ ಮಣ್ಣಿನದೇ ಒಂದು ವೈನ್ ಬೇರೆಯಾಗಿ ಮಾಡಿ ನೋಡುತ್ತಾರೆ. ಅಕ್ಕ ಆ ವಾರವೆಲ್ಲ ನೆಲದ ಮೇಲೆ ನಡೆಯುತ್ತಿರಲಿಲ್ಲ. ನಿಜವಾಗಿಯೂ ನಡೆಯಲಿಲ್ಲ — ಚರ್ಚಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಕಣಕಾಲಿಗೆ ಪ್ಲಾಸ್ಟರ್. ಡಾಕ್ಟರು ಮಂಚ ಬಿಟ್ಟು ಇಳಿಯಬೇಡಿ ಅಂದರು. ಅನಿತಾ ಆಗ ಮಂಗಳೂರಿನಲ್ಲಿ ಓದುತ್ತಿದ್ದಳು. ಉಳಿದವಳು ನಾನು.

"ನೀನ್ ಹೋಗಿ ನೋಡ್ಕೊಂಡ್ ಬಾರೇ. ಹಕ್ಕಿ ಬಲೆ ಸರಿಯಾಗೈತಾ ನೋಡು. ನಿನ್ ಫೋನಲ್ಲಿ ಒಂದ್ ವೀಡಿಯೋ ಹಿಡ್ಕೊಂಡ್ ಬಾ, ಮಲಗಿದ್ದಲ್ಲೇ ನೋಡ್ತೀನಿ."

ವೀಡಿಯೋ ಅಂತ ಅವರೇ ಅಂದರು. ಇದನ್ನು ನಾನು ನನ್ನ ಪರವಾಗಿ ಹೇಳುತ್ತಿಲ್ಲ. ಬರೀ ಹಾಗಾಯಿತು ಅಂತ ಹೇಳುತ್ತಿದ್ದೇನೆ.

ಹೋದೆ. ಸಂಜೆ ಹೊತ್ತು. ರಸ್ತೆ ಪಕ್ಕದ ಮೊದಲ ಸಾಲಿನ ಮುಂದೆ ನಿಂತರೆ ಸಾಲುಗಳ ಹಿಂದೆ ದೂರದಲ್ಲಿ ಚಾಮುಂಡಿ ಬೆಟ್ಟ, ನನ್ನ ಬೆನ್ನ ಹಿಂದಿನಿಂದ ಹಳದಿ ಬಿಸಿಲು. ಇಂಥ ಬೆಳಕು ಫೋನಿಗೆ ಯಾವಾಗಲೂ ಸಿಗುವುದಿಲ್ಲ. ಆದರೆ ಹಣ್ಣೇ ಕಾಣುತ್ತಿಲ್ಲ! ಸಾಲಿನ ಆ ಕಡೆ, ಬೆಳಗಿನ ಬಿಸಿಲಿನ ಕಡೆ, ಅಕ್ಕ ಎಲೆ ತೆಗೆದಿದ್ದರು. ಗೊಂಚಲಿಗೆ ಗಾಳಿಯಾಡಲಿ, ಬೂಷ್ಟು ಹಿಡಿಯದಿರಲಿ ಎಂದು ಮಾಡುವ ಕೆಲಸ ಅದು. ಈ ಕಡೆ, ಸಂಜೆ ಬಿಸಿಲಿನ ಕಡೆ, ಎಲೆಗಳು ಪರದೆ ಹಾಕಿದ ಹಾಗೆ ಮುಚ್ಚಿಕೊಂಡಿದ್ದವು. ಬೆಟ್ಟವೂ ಬೆಳಕೂ ಒಟ್ಟಿಗೆ ಸಿಗುವುದು ಈ ಕಡೆ ನಿಂತರೆ ಮಾತ್ರ.

ಅಕ್ಕ ಕಿತ್ತಿದ್ದನ್ನು ನೋಡಿದ್ದೆ. ತೊಟ್ಟು ಹಿಡಿದು ಹಿಂದಕ್ಕೆ ಬಗ್ಗಿಸಿದರೆ ಪಟ್ಟನೆ ಬರುತ್ತದೆ. ಕಿತ್ತೆ. ಒಂದು ಗೊಂಚಲು ಕಂಡಿತು. ಎಷ್ಟು ಚೆಂದ ಅಂತೀರಿ — ನೀಲಿ ಕಪ್ಪು, ಮೇಲೆ ಬೂದಿ ಎರಚಿದ ಹಾಗೆ. ಇನ್ನೂ ಕಿತ್ತೆ. ಸಾಲಿನ ಉದ್ದಕ್ಕೂ. ಕಿತ್ತ ಎಲೆಗಳು ಕಾಲಡಿ ಕಸದ ಹಾಗೆ ಕಂಡರೆ ವೀಡಿಯೋ ಚೆನ್ನಾಗಿರುವುದಿಲ್ಲವೆಂದು ಗುಡ್ಡೆ ಮಾಡಿ ಬೇಲಿಯಾಚೆ ಹಾಕಿದೆ. ಆಮೇಲೆ ಕ್ಯಾಮೆರಾ ಹಿಡಿದು, ಗೊಂಚಲು ಸವರುತ್ತಾ, "ನೋಡಿ ನಮ್ಮ ಮೈಸೂರು ಏನು ಹೆತ್ತಿದೆ" ಅಂದೆ. ಪುಟಕ್ಕೂ ಹಾಕಿದೆ. ಅಕ್ಕ ಮಂಚದ ಮೇಲೆ ಆ ವೀಡಿಯೋ ನೋಡಿ ಅತ್ತರು. ಹಣ್ಣನ್ನು ಮಾತ್ರ ನೋಡಿದರು. ಎಲೆಯನ್ನು ಯಾರು ನೋಡುತ್ತಾರೆ?

ಈಗ ನಾನು ತಲೆ ಚಚ್ಚಿಕೊಳ್ಳುವ ಜಾಗಕ್ಕೆ ಬಂದೆ. ಸಂಜೆ ಬಿಸಿಲಿನ ಕಡೆ ಎಲೆ ಕೀಳಬಾರದು ಎಂದು ನನಗೆ ಆಗ ಗೊತ್ತಿತ್ತೇ?

ಒಂದು ನೆನಪಿನಲ್ಲಿ ಅಕ್ಕ ಎಲೆ ಕೀಳುತ್ತಾ ತಿರುಗಿ, "ಈ ಕಡೆ ಮಾತ್ರ ಕಣೇ. ಆ ಕಡೆ ಮುಟ್ಬಾರ್ದು, ಮಧ್ಯಾಹ್ನದ ಬಿಸ್ಲು ಬೇಯಿಸ್ಬುಡುತ್ತೆ" ಅನ್ನುತ್ತಾರೆ. ಸ್ಪಷ್ಟವಾಗಿ ಕೇಳುತ್ತದೆ, ಅವರ ಕೈಯ ಕತ್ತರಿಯೂ ಕಾಣುತ್ತದೆ. ಇನ್ನೊಂದು ನೆನಪಿನಲ್ಲಿ ಅವರು ಹಾಗೆ ಹೇಳೇ ಇಲ್ಲ. ನಾನು ಇದನ್ನು ಎಷ್ಟೋ ಆಮೇಲೆ ಎಲ್ಲೋ ಓದಿ ತಿಳಿದು, ಅಪರಾಧ ಪ್ರಜ್ಞೆಯಲ್ಲಿ ಅಕ್ಕನ ಬಾಯಿಗೆ ಹಾಕಿದ್ದೇನೆ. ಎಲೆ ಕೀಳುವುದಕ್ಕೆ ಕತ್ತರಿ ಬೇಡ, ಅಲ್ಲವೇ? ಹಾಗಾದರೆ ಮೊದಲನೆಯ ನೆನಪಿನಲ್ಲಿ ಕತ್ತರಿ ಏಕಿದೆ? ಆದರೆ ಅಕ್ಕನ ಕೈಯಲ್ಲಿ ಕತ್ತರಿ ಯಾವಾಗಲೂ ಇರುತ್ತಿತ್ತು... ಹೀಗೇ ಸುತ್ತುತ್ತೇನೆ. ಯಾವುದು ನಿಜ ಎಂದು ಗೊತ್ತಾಗುವುದಿಲ್ಲ. ಗೊತ್ತಿದ್ದೂ ಮಾಡಿದೆನೋ, ಗೊತ್ತಿಲ್ಲದೆ ಮಾಡಿದೆನೋ ಅಂತ ನನಗೇ ಗೊತ್ತಿಲ್ಲದಿದ್ದರೆ ಅದನ್ನು ಏನೆಂದು ಕರೆಯಬೇಕು?

ಮುಂದಿನದರಲ್ಲಿ ಆ ಗೊಂದಲವಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿದೆ.

ವಾರದ ಮೇಲೆ ಕಂಪನಿಯ ಮೇಲ್ವಿಚಾರಕರು ಬಂದರು. ವಿಜಯಪುರದ ಕಡೆಯವರು, ಪಾಟೀಲ ಅಂತ. ಬಿಳಿ ಮೀಸೆ, ಮಾತು ಜೋರು, ಮನುಷ್ಯ ಒಳ್ಳೆಯವರು. ಅವರಿಗೆ ತೋಟ ತೋರಿಸುವ ಕೆಲಸವೂ ನನ್ನದೇ. ಜೀಪು ರಸ್ತೆಯಲ್ಲಿ ನಿಲ್ಲಿಸಿ ನೇರವಾಗಿ ಮೊದಲ ಸಾಲಿಗೆ ಬಂದರು. ಬಂದವರು ನಿಂತರು.

ನಾನೂ ಆಗಲೇ ನೋಡಿದ್ದು. ವೀಡಿಯೋದ ದಿನ ಬಿಟ್ಟರೆ ನಾನು ಅತ್ತ ಹೋಗಿರಲಿಲ್ಲ. ಬೂದಿ ಎರಚಿದಂತಿದ್ದ ನೀಲಿ ಹೋಗಿತ್ತು. ರಸ್ತೆ ಕಡೆಗೆ ಮುಖ ಮಾಡಿದ ಕಾಳುಗಳೆಲ್ಲ ಕಂದು ತಿರುಗಿ, ಮುದುಡಿ, ಕೆಲವು ಒಣದ್ರಾಕ್ಷಿಯ ಹಾಗೆ. ಆ ವಾರ ಶಿವರಾತ್ರಿಗೆ ಮುಂಚೆಯೇ ಬಿಸಿಲು ಬೆಂಕಿಯ ಹಾಗೆ ಇಳಿದಿತ್ತು. ಪಾಟೀಲರು ಎರಡು ಮೂರು ಗೊಂಚಲು ಕೊಯ್ದು, ಒಂದು ಕಾಳು ಬಾಯಿಗೆ ಹಾಕಿ, ಸಿಪ್ಪೆ ಅಗಿದು, ಉಗುಳಿದರು. ಕಿಸೆಯಿಂದ ಸಕ್ಕರೆ ಅಳೆಯುವ ಸಣ್ಣ ಕೊಳವೆ ತೆಗೆದು, ರಸದ ಹನಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿದರು.

"ಸಕ್ರಿ ಐತಿ ಬಿಡ್ರಿ. ಹುಳಿನ ಇಲ್ಲ. ಬೆಂದಂಗ ಆಗೈತಿ." ಆಮೇಲೆ ಸಾಲಿನ ಉದ್ದಕ್ಕೂ ಕಣ್ಣಾಡಿಸಿ ಕೇಳಿದರು: "ಈ ಕಡಿ ಎಲಿ ಯಾವಾಗ ತಗದೀರಿ?"

ಅವರು ಬೈಯುವ ದನಿಯಲ್ಲಿ ಕೇಳಲಿಲ್ಲ. ಡಾಕ್ಟರು, ಜ್ವರ ಯಾವಾಗಿನಿಂದ ಅಂತ ಕೇಳುತ್ತಾರಲ್ಲ, ಹಾಗೆ. ಹೋದ ವಾರ, ನಾನೇ, ತಿಳಿಯದೆ — ಅಂತ ಅಂದಿದ್ದರೆ ಅವರು ನಕ್ಕು, "ಹಂಗಾರ ಈ ಸಾಲು ಬಿಡ್ರಿ, ಮುಂದಿಂದು ನೋಡೂಣು" ಎಂದು ಮುಂದಿನ ಸಾಲಿಗೆ ಹೋಗುತ್ತಿದ್ದರು. ಅಷ್ಟೇ ಆಗುತ್ತಿತ್ತು. ಒಂದು ಸಾಲು ಹಾಳಾಗಿತ್ತು, ಉಳಿದ ಸಾಲುಗಳು ಇದ್ದವು.

ನಾನು ಅಂದೆ: "ತೆಗೆದಿಲ್ಲ ಸಾರ್. ತಾನಾಗೇ ಉದುರ್ಬುಡ್ತು."

"ತಾನ ಉದುರ್ಯಾವ? ಹಣ್ಣ ಇರುವಾಗ?"

"ಹೂಂ ಸಾರ್."

ಪಾಟೀಲರು ಕೂತುಕೊಂಡರು. ಬುಡದ ಮಣ್ಣನ್ನು ಬೆರಳಿಂದ ಕೆದಕಿದರು, ಹಿಂಡಿ ನೋಡಿದರು. ನೀರಿನ ಪೈಪನ್ನು ನೋಡಿದರು. ನನ್ನ ಒಂದು ಸುಳ್ಳಿಗೆ ಆ ಮನುಷ್ಯ ತನ್ನ ವಿದ್ಯೆಯನ್ನೆಲ್ಲ ತಂದು ಕಾರಣ ಹುಡುಕುತ್ತಿದ್ದರು. ಕೊನೆಗೆ ಎದ್ದು, "ಬೇರು ಕೆಳಗ ಇಳಿದಿಲ್ಲರಿ ಇದು. ಗರಸಿನ ಕೆಳಗ ಬಂಡಿಗಲ್ಲು ಇರಬೇಕು. ಬಿಸಲು ಬಿದ್ದಕೂಡ್ಲೆ ಬಳ್ಳಿ ತನ್ನ ಜೀವ ಉಳಿಸ್ಕೊಳ್ಳಾಕ ಎಲಿ ಬಿಟ್ಟೈತಿ. ಮ್ಯಾಲ ಊರು ಎತ್ತರ ಕಡಿಮಿ, ರಾತ್ರಿ ತಂಪ ಸಾಲಂಗಿಲ್ಲ" ಅಂದರು. ಇಡೀ ತೋಟವನ್ನು ಸುತ್ತುವ ಅಗತ್ಯ ಅವರಿಗೆ ಕಾಣಲಿಲ್ಲ. ಜೀಪು ಹತ್ತುವಾಗ, "ಟೀಚರ್ ಅವರಿಗೆ ಹೇಳ್ರಿ, ಅವ್ರ ತಪ್ಪೇನಿಲ್ಲ. ಜಾಗದ್ದು" ಅಂದರು.

ಏಕೆ ಸುಳ್ಳು ಹೇಳಿದೆ? ಎಷ್ಟೋ ಕಾರಣ ಹೊಂದಿಸಿ ನೋಡಿದ್ದೇನೆ. ವೀಡಿಯೋವನ್ನು ಜನ ಮೆಚ್ಚುತ್ತಿದ್ದ ಸಂಭ್ರಮವೋ, ದಡ್ಡಿ ಅನ್ನಿಸಿಕೊಳ್ಳುವ ಭಯವೋ, ಮಂಚದಲ್ಲಿ ಮಲಗಿದ್ದ ಅಕ್ಕನ ಮುಖವೋ. ಯಾವುದನ್ನು ಹಾಕಿದರೂ ಸರಿಯಾಗಿ ಕೂರುವುದಿಲ್ಲ. ಬಾಯಿ ತೆರೆದೆ, ಬಂತು. ಮಾತು ನನ್ನ ಕೈಗೆ ಯಾವಾಗಲೂ ಸುಲಭವಾಗಿ ಸಿಗುತ್ತದೆ. ಅದು ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ.

ಅಕ್ಕನಿಗೆ ಪಾಟೀಲರ ಮಾತನ್ನು ಹಾಗೆಯೇ ಒಪ್ಪಿಸಿದೆ. ಅವರು ಗೋಡೆ ನೋಡುತ್ತಾ, "ಬಂಡೆ ಅಂದ್ರಾ?" ಅಂದರು. "ಬಾವಿ ತೋಡ್ಸುವಾಗ ಅಪ್ಪನಿಗೆ ಬಂಡೆ ಸಿಕ್ಕಿತ್ತಾ... ನೆನಪಾಗಲ್ಲ ನೋಡು." ಅವರೂ ನನ್ನ ಸುಳ್ಳಿಗೆ ಕಾರಣ ಹುಡುಕಲು ಶುರುಮಾಡಿದ್ದರು.

ಆಮೇಲೆ ಇನ್ನೂ ಒಂದು ಕೆಲಸ ಮಾಡಿದೆ. ಇದನ್ನು ಬರೆಯಲೇ ಬೇಡವೆಂದುಕೊಂಡಿದ್ದೆ. ಅಕ್ಕ ಕಾಲು ಸರಿಹೋದ ಮೇಲೆ ಹೋಗಿ ನೋಡುತ್ತಾರೆ, ಮೊದಲ ಸಾಲು ಮಾತ್ರ ಬೆಂದದ್ದು ಕಾಣುತ್ತದೆ, ತೊಟ್ಟಿನ ಗಾಯ ನೋಡಿದರೆ ಕಿತ್ತದ್ದೆಂದು ತಿಳಿಯುತ್ತದೆ ಎಂಬ ಭಯ ಹತ್ತಿತು. "ಅಕ್ಕ, ಹಣ್ಣು ನೋಡಿದ್ರೆ ನಿಮಗೆ ಸಂಕಟ ಆಗುತ್ತೆ. ಕೊಯ್ಸಿ ಕೊಟ್ಬುಡೋಣ" ಅಂದೆ. ಅವರು ಹೂಂ ಅಂದರು. ಪಕ್ಕದ ಹೊಲದವರಿಗೆ ಫೋನ್ ಮಾಡಿ, ಎಲ್ಲ ಸಾಲಿನ ಹಣ್ಣೂ ಕೊಯ್ದುಕೊಂಡು, ಹಾಗೆಯೇ ಬಳ್ಳಿಯನ್ನೂ ಗಿಡ್ಡಕ್ಕೆ ಸವರಿಬಿಡಿ ಅಂದೆ. ನಾನು ಹೋಗಲೂ ಇಲ್ಲ. "ಬಲು ಸೀಯಾಗವೆ ಕಣಕ್ಕ" ಅಂತ ಆ ಮನೆಯ ಹೆಂಗಸು ಫೋನಿನಲ್ಲಿ ಹೇಳಿದಳು. ಸಿಹಿ ಎಲ್ಲಾದರೂ ಬರುತ್ತದೆ. ಹುಳಿ ಇತ್ತೇ ಎಂದು ನಾನು ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಅಕ್ಕ ಬಳ್ಳಿಗಳನ್ನು ಕೀಳಿಸಿದರು. ನಾನು ಕಥೆ ಬರೆದೆ. "ಮಣ್ಣು ಬೇಡ ಅಂದ ಮೇಲೆ ಬೇಡ" ಎಂಬ ಮಾತನ್ನು ಅಕ್ಕ ಹೇಳಿದ ಹಾಗೆ ಬರೆದೆನಲ್ಲ, ಅದನ್ನು ಅವರು ಹೇಳಿರಲಿಲ್ಲ. ನಾನೇ ಹೊಸೆದದ್ದು. ಆದರೆ ಕಥೆ ಹರಡಿದ ಮೇಲೆ ಅಕ್ಕನೇ ಅದನ್ನು ಹೇಳತೊಡಗಿದರು. ಚರ್ಚಿನಲ್ಲಿ ಯಾರಾದರೂ ಕೇಳಿದರೆ ನಗುತ್ತಾ ಅದೇ ಮಾತು. ತಮ್ಮ ನೆಲದ ಬಗ್ಗೆ ನನ್ನ ಮಾತು.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಏಕೆ? ಅನಿತಾಳಿಂದ. ಅವಳೀಗ ಮೈಸೂರಿಗೇ ಬಂದು ಸರಸ್ವತಿಪುರಂನಲ್ಲಿ ಸಣ್ಣ ಬೇಕರಿ ಇಟ್ಟಿದ್ದಾಳೆ. ಹೋದ ತಿಂಗಳು ಬ್ರೆಡ್ ತರಲು ಹೋದಾಗ ಗಲ್ಲಾ ಬಿಟ್ಟು ಎದ್ದು ಬಂದಳು.

"ಆಂಟಿ, ಅಮ್ಮ ಜಯಪುರದ ಜಾಗ ಲೇಔಟ್‌ನವರಿಗೆ ಕೊಟ್ಬುಡ್ತೀನಿ ಅಂತಾವ್ರೆ. ನಾನು ಇನ್ನೊಂದ್ ಸಲ ದ್ರಾಕ್ಷಿ ಹಾಕ್ತೀನಿ ಅಂದ್ರೆ, 'ಆ ಮಣ್ಣು ಆಗಲ್ಲ, ರೇಣು ಕಣ್ಣಾರೆ ನೋಡವ್ಳೆ' ಅಂತಾರೆ. ನಿಮ್ ಮಾತೇ ಅವ್ರಿಗೆ ವೇದವಾಕ್ಯ. ನೀವ್ ಹೇಳಿ ಆಂಟಿ, ಅಷ್ಟೊಂದು ಹಾಳಾಗಿತ್ತಾ?"

"ವಿಚಾರಿಸ್ತೀನಿ ಕಣಮ್ಮ" ಅಂದುಬಿಟ್ಟೆ. ಯಾರನ್ನು ವಿಚಾರಿಸುತ್ತಾರೆ? ಸಾಕ್ಷಿ ನಾನೊಬ್ಬಳೇ.

ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆ. ಎತ್ತರ ಹೆಚ್ಚಿದಷ್ಟೂ ತಂಪು, ತಂಪಿದ್ದಷ್ಟೂ ಹುಳಿ ಉಳಿಯುತ್ತದೆ — ಸರಿ, ಮೈಸೂರು ಅಷ್ಟು ಎತ್ತರವಲ್ಲ. ಹಾಗಾದರೆ ಪಾಟೀಲರು ಹೇಳಿದ್ದೇ ನಿಜವೇ? ನಾನು ಎಲೆ ಕೀಳದಿದ್ದರೂ ತೋಟ ಸೋಲುತ್ತಿತ್ತೇ? ಇನ್ನೊಂದು ಕಡೆ, ಒಂದೇ ಊರಿನಲ್ಲಿ ಇಳಿಜಾರಿನ ಮುಖ ಬದಲಾದರೆ, ಮಣ್ಣಿನ ಆಳ ಬದಲಾದರೆ ಹಣ್ಣೇ ಬೇರೆ ಎಂದಿದೆ. ಆ ವರ್ಷ ಸಂಕ್ರಾಂತಿಗೆ ಮಳೆ ಹನಿದಿತ್ತು ಎಂದು ನೆನಪು. ಅದರಿಂದ ಏನಾದರೂ ಆಗಿತ್ತೇ? ಆ ವರ್ಷವೇ ಹನಿದದ್ದೇ, ಅದರ ಹಿಂದಿನ ವರ್ಷವೇ? ಓದಿದಷ್ಟೂ ನನ್ನ ತಪ್ಪು ಒಮ್ಮೆ ಸಾಸಿವೆಯಷ್ಟಾಗುತ್ತದೆ, ಒಮ್ಮೆ ಬೆಟ್ಟದಷ್ಟಾಗುತ್ತದೆ. ನಿಜ ಹೇಳಿದರೆ ಅನಿತಾ ಬಳ್ಳಿ ಹಾಕುತ್ತಾಳೆ. ಹಾಕಿ ಮಣ್ಣು ನಿಜವಾಗಿಯೇ ಕೈಕೊಟ್ಟರೆ? ಹೇಳದಿದ್ದರೆ ಅಲ್ಲಿ ಮನೆಗಳು ಏಳುತ್ತವೆ, ಆ ನೆಲಕ್ಕೆ ಅಕ್ಕನ ಪ್ರಶ್ನೆಯನ್ನು ಇನ್ನು ಯಾರೂ ಕೇಳಲಾರರು.

ಉಳಿದ ಸಾಲುಗಳು ಹೇಗಿದ್ದವೆಂದು ನೋಡಲು ಹಳೆಯ ವೀಡಿಯೋವನ್ನು ಹುಡುಕಿ ತೆಗೆದೆ. ನಾನಿದ್ದೇನೆ, ನನ್ನ ಕೈಯಿದೆ, ಗೊಂಚಲಿದೆ, ಬೆಟ್ಟವಿದೆ. ಹಿಂದಿನ ಸಾಲುಗಳು ಹಸಿರು ಮಸುಕು.

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋದೆ. ಅಕ್ಕ ಪೂಜೆ ಮುಗಿಸಿ ಬಂದು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಒಂದು ಮೊರ ಎಳೆದುಕೊಂಡು ಕೂತೆ.

"ಏನೇ, ಮುಖ ಹಂಗೈತೆ? ಯಾರ್ ಬೈದ್ರು ನಿನ್ ಪುಟದಲ್ಲಿ?" ಅಂದರು.

ಹೇಳಿದೆ. ಎಲೆ ಕಿತ್ತದ್ದು, ಬೇಲಿಯಾಚೆ ಹಾಕಿದ್ದು, ಪಾಟೀಲರು ಕೇಳಿದ್ದು, ನಾನು ಅಂದದ್ದು, ಹಣ್ಣು ಕೊಯ್ಯಿಸಿದ್ದು. ಮಧ್ಯದಲ್ಲಿ ಅಳು ಬಂತು. ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಿಡಿದುಕೊಂಡೇ ಇದ್ದರು.

"ಅಳ್ಬೇಡ. ಅತ್ರೆ ನಾನ್ ಸಮಾಧಾನ ಮಾಡ್ಬೇಕಾಗುತ್ತೆ. ಈಗ ನನ್ ಕೈಲಾಗಲ್ಲ" ಅಂದರು.

ಅಳು ನಿಲ್ಲಿಸಿದೆ. "ಅಕ್ಕ, ಆ ಕಡೆ ಮುಟ್ಬಾರ್ದು ಅಂತ ನೀವು ನನಗೆ ಆವಾಗ ಹೇಳಿದ್ರಾ?" ಅಂತ ಕೇಳಿದೆ. ಕೇಳಬಾರದಿತ್ತು. ನನಗೆ ಆಗಲೂ ನನ್ನದೇ ಚಿಂತೆ.

"ಗೊತ್ತಿಲ್ಲ ಕಣೇ" ಅಂದರು. ಆಮೇಲೆ ಅವರು ಕೇಳಿದ್ದು ಬೇರೆಯದು. "ಮಿಕ್ಕಿದ್ ಸಾಲು ಹೆಂಗಿದ್ವು?"

"ನೋಡ್ಲಿಲ್ಲ ಅಕ್ಕ."

"ಒಂದ್ ಕಾಳಾದ್ರೂ ಬಾಯಿಗೆ ಹಾಕ್ಕೊಂಡ್ಯಾ?"

"ಇಲ್ಲ."

"ನಾನೂ ಇಲ್ಲ" ಅಂದರು. ಆಮೇಲೆ, ನನಗಲ್ಲ, ಮೊರಕ್ಕೆ ಹೇಳುವ ಹಾಗೆ: "ಹಣ್ಣಾಗೋ ಹೊತ್ತಿಗೆ ಮಂಚ ಹಿಡಿದ್ನಲ್ಲ. ಮೂರು ವರ್ಷ ಸಾಕ್ದೆ. ರುಚಿ ನೋಡ್ಲೇ ಇಲ್ಲ."

ನನಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ನಾನು ಎಲೆಯನ್ನೂ ಸುಳ್ಳನ್ನೂ ಎಣಿಸುತ್ತಿದ್ದೆ. ಆ ತೋಟದ ಮಾಗಿದ ಹಣ್ಣನ್ನು ಅಕ್ಕ ಒಂದು ಸಲವೂ ತಿಂದಿಲ್ಲ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಬೆಂದ ಸಾಲಿನದನ್ನು ಪಾಟೀಲರು ತಿಂದು ಉಗುಳಿದರು. ಚೆನ್ನಾಗಿದ್ದಿರಬಹುದಾದದ್ದನ್ನು ನಾನು ಪಕ್ಕದ ಹೊಲದವರಿಗೆ ಕೊಟ್ಟುಬಿಟ್ಟೆ. ಒಂದು ಗೊಂಚಲು ಮಂಚದ ಹತ್ತಿರ ತಂದು ಕೊಟ್ಟಿದ್ದರೆ ಸಾಕಿತ್ತು, ಅವರ ನಾಲಿಗೆ ಒಂದು ಕ್ಷಣದಲ್ಲಿ ಹೇಳುತ್ತಿತ್ತು.

ಏಳುವಾಗ, ಇದನ್ನು ಬರೆಯುತ್ತೇನೆ ಅಂದೆ. "ಬರಿ. ನನ್ ಬಾಯಿಗೆ ಏನೂ ಹಾಕ್ಬೇಡ ಈ ಸಲ" ಅಂದರು. ಬಾಗಿಲ ಹತ್ತಿರ ಹೋದ ಮೇಲೆ, "ಲೇಔಟ್‌ನವ್ರಿಗೆ ಸದ್ಯಕ್ಕೆ ಬರ್ಬೇಡಿ ಅಂತ ಹೇಳ್ತೀನಿ. ನಿನಗೋಸ್ಕರ ಅಲ್ಲ" ಅಂದರು. ಕ್ಷಮಿಸಿದ್ದಾರೆಯೇ? ಕೇಳಲಿಲ್ಲ. ಅನಿತಾ ಬಳ್ಳಿ ಹಾಕುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಅವಳಿಗೂ ಎಲ್ಲವನ್ನೂ ಹೇಳಿದ್ದೇನೆ. ಅವಳು ನನ್ನ ಕೈಗೆ ಬ್ರೆಡ್ ಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಆ ಹಳೆಯ ಕಥೆಯನ್ನು ಹಂಚಿಕೊಂಡವರು ದಯವಿಟ್ಟು ಇದನ್ನೂ ಓದಿ. ಮೈಸೂರಿನ ಮಣ್ಣು ವೈನ್ ದ್ರಾಕ್ಷಿಗೆ ಒಪ್ಪುವುದಿಲ್ಲ ಎಂದು ನನ್ನ ಮಾತು ನಂಬಿ ಯಾರಿಗಾದರೂ ಹೇಳಿದ್ದರೆ, ಅದನ್ನು ಹೇಳಿದವಳು ಹಣ್ಣನ್ನು ಬಾಯಿಗೂ ಹಾಕಿರಲಿಲ್ಲ ಎಂದು ಹೇಳಿ. ಇನ್ನು ಮುಂದೆ ಆ ನೆಲದ ದ್ರಾಕ್ಷಿ ಹೇಗಿತ್ತು ಎಂದು ಯಾರು ಕೇಳಿದರೂ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನು.